ಬ್ರೆಡ್ಡಿಗೂ ಮಾಂಸಕ್ಕೂ ಒಂದೇ ಚಾಕು ಸಾಕೇ?

ಪ್ರಶ್ನೆ: ಮನೆಯಲ್ಲೇ ಬ್ರೆಡ್ ಮಾಡುತ್ತೇನೆ. ತರಕಾರಿ ಚಾಕುವಿನಿಂದ ಕೊಯ್ದರೆ ಅದು ಅಪ್ಪಚ್ಚಿಯಾಗುತ್ತದೆ. ಓವನ್ನಿನಲ್ಲಿ ಇಡಿಯಾಗಿ ಬೇಯಿಸಿದ ಕೋಳಿಯನ್ನು ಹೋಳು ಮಾಡಲೂ ಬರುವಂತಹ ಚಾಕು ಯಾವುದು? – ಓದುಗರು, ಧಾರವಾಡ

ಉತ್ತರ: ಎರಡಕ್ಕೂ ಒಂದೇ ಚಾಕು ಬಳಸಬಹುದಾದರೂ ಎರಡು ಬೇರೆ ಚಾಕುಗಳಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಬ್ರೆಡ್ಡಿನ ಚಾಕುವಿಗೆ ಗರಗಸದಂತಹ ಹಲ್ಲುಗಳಿರಬೇಕು. ಅವುಗಳ ತುದಿಗಳು ಗಟ್ಟಿಯಾದ ಮೇಲ್ಪದರವನ್ನು ಕಚ್ಚಿ ಹಿಡಿಯುವುದರಿಂದ, ಒತ್ತದೆ ಹಿಂದಕ್ಕೂ ಮುಂದಕ್ಕೂ ಎಳೆದರೆ ಸಾಕು, ಒಳಗಿನ ಮೆತ್ತನೆಯ ತಿರುಳು ಕುಸಿಯುವುದಿಲ್ಲ. ಅಲಗು 8ರಿಂದ 10 ಇಂಚು ಉದ್ದವಿರಲಿ. ಮಾಂಸಕ್ಕೆ ಹಲ್ಲಿಲ್ಲದ, ಕಿರಿದಾದ, ಉದ್ದನೆಯ ಅಲಗೇ ಸರಿ, ಏಕೆಂದರೆ ಹಲ್ಲುಗಳು ಎಳೆಗಳನ್ನು ಹರಿದು ಹೋಳನ್ನು ಒರಟಾಗಿಸುತ್ತವೆ. ಬೇಯಿಸಿದ ಕೋಳಿಯನ್ನು 10–15 ನಿಮಿಷ ಹಾಗೆಯೇ ಬಿಟ್ಟು ಕೊಯ್ದರೆ ರಸ ಹರಿದುಹೋಗುವುದು ಕಡಿಮೆ.

ಹುಬ್ಬಳ್ಳಿಯ ದುರ್ಗದಬೈಲಿನ ಕಡೆ ಕೊಳ್ಳಲು ಹೋದರೆ ಚಾಕುವನ್ನು ಕೈಯಲ್ಲಿ ಹಿಡಿದೇ ನೋಡಿ: ಅಲಗಿನ ಉಕ್ಕು ಹಿಡಿಕೆಯ ಕೊನೆಯವರೆಗೂ ಹೋಗಿರಬೇಕು, ಬೆರಳ ಗೆಣ್ಣುಗಳು ಹಲಗೆಗೆ ತಾಗಬಾರದು. ಹಲ್ಲಿನ ಚಾಕುವನ್ನು ಮಾತ್ರ ಬೀದಿಯ ಸಾಣೆಯವರಿಗೆ ಕೊಡಬೇಡಿ. ಚಕ್ರಕ್ಕೆ ಸಿಕ್ಕರೆ ಹಲ್ಲುಗಳೇ ಸವೆದುಹೋಗುತ್ತವೆ.