ಬಿಷಪ್ ಕೈಯಲ್ಲಿ ರಾಜನ ಲೆಕ್ಕಪತ್ರ

ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಿಷಪ್, ಅಂದರೆ ಚರ್ಚಿನ ಹಿರಿಯ ಧರ್ಮಗುರು ಆದವನು ರಾಜನ ಖಜಾನೆ ಯಾಕೆ ನೋಡಿಕೊಳ್ಳುತ್ತಿದ್ದ ಅಂತ ಕೇಳಿದ್ದೀರಿ. ಆಗ ಓದು ಬರಹ ಬಲ್ಲವರು ಜಾಸ್ತಿ ಚರ್ಚಿನಲ್ಲೇ ಇದ್ದರು. ಇನ್ನೊಂದು ಅನುಕೂಲ, ಸಂಬಳದ ಬದಲು ಚರ್ಚಿನ ಆದಾಯ ಬರುವ ಬಿಷಪ್ ಪದವಿ ಕೊಟ್ಟರೆ ರಾಜನ ಜೇಬು ಖಾಲಿಯಾಗುವುದಿಲ್ಲ!

ಸಾಲಿಸ್ಬರಿ ಊರಿನ ಬಿಷಪ್ ರೋಜರ್‌ನನ್ನೇ ನೋಡಿ. ಪೂಜೆಯನ್ನು ಬೇಗ ಮುಗಿಸುತ್ತಾನೆ ಅಂತಲೇ ರಾಜ ಒಂದನೇ ಹೆನ್ರಿಗೆ ಇಷ್ಟವಾದ ಅಂತ ಒಂದು ಕಥೆಯಿದೆ. 1107ರಲ್ಲಿ ಅವನಿಗೆ ಬಿಷಪ್ ದೀಕ್ಷೆಯಾಯಿತು. ರಾಜ ಸಮುದ್ರದಾಚೆ ಫ್ರಾನ್ಸ್ ಕಡೆಯ ನಾರ್ಮಂಡಿಗೆ ಹೋದಾಗ ಆಡಳಿತ ಇವನ ಕೈಯಲ್ಲೇ ಇರುತ್ತಿತ್ತು. ಎಕ್ಸ್‌ಚೆಕರ್, ಅಂದರೆ ರಾಜನ ಲೆಕ್ಕ ನೋಡುವ ಕಚೇರಿ ಬೆಳೆದದ್ದೂ ಇವನ ಕಾಲದಲ್ಲೇ. ಮೇಜಿನ ಮೇಲೆ ಚೌಕಳಿ ಬಟ್ಟೆ ಹಾಸಿ, ಒಂದೊಂದು ಸಾಲಿಗೆ ಪೌಂಡ್, ಶಿಲಿಂಗ್, ಪೆನ್ನಿ ಅಂತ ಬಿಲ್ಲೆ ಇಡುತ್ತಿದ್ದರು. ರಾಜನಿಗಾಗಿ ಹಣ ವಸೂಲಿ ಮಾಡಿ ತರುವ ಅಧಿಕಾರಿ ಶೆರಿಫ್, ಅವನ ಎದುರೇ ಕೂಡಿ ಕಳೆಯುತ್ತಿದ್ದರು. ಬಿಲ್ಲೆ ಯಾಕೆ ಅಂದರೆ, ರೋಮನ್ ಅಂಕಿಯಲ್ಲಿ ಬರೆದು ಲೆಕ್ಕ ಮಾಡುವುದು ಸುಮ್ನೆ ಅಲ್ಲ, ಅಲ್ವಾ? 1130ರ ಲೆಕ್ಕದ ಸುರುಳಿ ಇಂದಿಗೂ ಉಳಿದಿದೆ.

ಮದುವೆಯಾಗುವಂತಿಲ್ಲದ ಬಿಷಪ್‌ಗೆ ವಾರಸುದಾರರಿಲ್ಲ ಅನ್ನುವುದು ಬರೀ ಬಾಯಿಮಾತು. ಇವನ ಅಣ್ಣತಮ್ಮಂದಿರ ಮಕ್ಕಳಿಬ್ಬರು ಲಿಂಕನ್, ಈಲಿ ಊರುಗಳಲ್ಲಿ ಬಿಷಪ್ ಆದರು. ಹೆನ್ರಿಯ ನಂತರ ಬಂದ ಸ್ಟೀಫನ್ ರಾಜನ ಕಾಲದಲ್ಲಿ ಇವನ ಮಗನೇ ಚಾನ್ಸಲರ್, ಅಂದರೆ ರಾಜನ ಪತ್ರ ವ್ಯವಹಾರದ ಮುಖ್ಯಸ್ಥ! 1139ರ ಜೂನ್‌ನಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಬಿಡಾರದ ವಿಷಯಕ್ಕೆ ರೋಜರ್ ಕಡೆಯ ಆಳುಗಳಿಗೂ ಬೇರೆಯವರ ಆಳುಗಳಿಗೂ ಜಗಳವಾಯಿತು. ಅದೇ ನೆಪದಲ್ಲಿ ಸ್ಟೀಫನ್ ರೋಜರ್‌ನನ್ನು ಬಂಧಿಸಿದ. ರೋಜರ್‌ನ ಮಗನನ್ನು ನೇಣಿಗೆ ಹಾಕುತ್ತೇನೆಂದು ಹೆದರಿಸಿ ರೋಜರ್‌ನ ಡಿವೈಜಸ್ ಕೋಟೆ ಕಿತ್ತುಕೊಂಡ. ಅದೇ ಡಿಸೆಂಬರ್‌ನಲ್ಲಿ ರೋಜರ್ ತೀರಿಕೊಂಡ.