ರಾಜೀನಾಮೆಗೆ ಮೊದಲು ಹಾಳೆ ಎಣಿಸಿ

ಕೆಲಸ ಬಿಟ್ಟು ಊರಿಗೆ ಬರಲೇ ಎಂದು ಕೇಳುವ ಪತ್ರಗಳು ಕಾಸರಗೋಡಿನ ಕುಂಬಳೆ, ಪೆರ್ಲ, ಮುಳ್ಳೇರಿಯಗಳಿಂದ ಬರುತ್ತಲೇ ಇವೆ. ಹೆಚ್ಚಿನವುಗಳಲ್ಲಿ ಆಸೆ ಇರುತ್ತದೆ, ಅಂಕಿಯೇ ಇರುವುದಿಲ್ಲ. ಈ ಸಲ ಒಬ್ಬರು ಅಂಕಿ ಬರೆದಿದ್ದಾರೆ. ಹಾಗಾಗಿ ಅವರಿಗೇ ಹೆಚ್ಚು ಜಾಗ.

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ನಾಲ್ಕು ವರ್ಷ ನಾಲ್ಕು ತಿಂಗಳಾಯಿತು. ಸಂಬಳ 80,000, ಮೂಲವೇತನ 40,000. ಬದಿಯಡ್ಕದ ಹತ್ತಿರ ಎರಡು ಎಕರೆ ಅಡಿಕೆ ತೋಟವಿದೆ. ಅಡಿಕೆ ಮರದಿಂದ ಕಳಚಿ ಬೀಳುವ ಹಾಳೆಯನ್ನು ಒತ್ತಿ ಊಟದ ತಟ್ಟೆ ಮಾಡುವ ಘಟಕ ಹಾಕಬೇಕೆಂದಿದ್ದೇನೆ. ಹಾಳೆ ನಮ್ಮದೇ ಆದ್ದರಿಂದ ಆ ಖರ್ಚಿಲ್ಲ. 6 ಲಕ್ಷ ಸಾಲಕ್ಕೆ ಬ್ಯಾಂಕಿನವರು ಅಪ್ಪನ ತೋಟವನ್ನು ಈಡಾಗಿ ಕೇಳುತ್ತಿದ್ದಾರೆ. ಸಬ್ಸಿಡಿ ಮಾಡಿಸಿಕೊಡಲು ಒಬ್ಬರು ಹತ್ತು ಸಾವಿರ ಕೇಳಿದ್ದಾರೆ. ರಾಜೀನಾಮೆ ಕೊಡಲೇ?

ಉತ್ತರ: ಈಗ ಬೇಡ. ಇನ್ನು ಎಂಟು ತಿಂಗಳು ನಿಂತರೆ ಐದು ವರ್ಷ ತುಂಬಿ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಸಿಗುತ್ತದೆ. ನಿಮ್ಮ ಮೂಲವೇತನಕ್ಕೆ ಅದು ಸುಮಾರು 1,15,000 ರೂಪಾಯಿ. ಐದು ವರ್ಷದೊಳಗೆ ಪಿಎಫ್ ಹಿಂತೆಗೆದರೆ ತೆರಿಗೆಯೂ ಬೀಳುತ್ತದೆ. ಕೈಗೆ ಬರುವ ದುಡ್ಡನ್ನು ಅವಸರಕ್ಕೆ ಬಿಟ್ಟುಬರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇನ್ನು ‘ಹಾಳೆ ನಮ್ಮದೇ’ ಎಂಬ ಮಾತು. ಎಕರೆಗೆ ಐನೂರು ಚಿಲ್ಲರೆ ಮರ, ಮರವೊಂದಕ್ಕೆ ವರ್ಷಕ್ಕೆ ಐದಾರು ಹಾಳೆ. ಎರಡು ಎಕರೆಗೆ ಆರು ಸಾವಿರ ಎನ್ನೋಣ. ಮಳೆಗಾಲದಲ್ಲಿ ಬಿದ್ದದ್ದು ಬೂಷ್ಟು ಹಿಡಿಯುತ್ತದೆ, ಹರಿದದ್ದು ಅಚ್ಚಿಗೆ ಬರುವುದಿಲ್ಲ. ನಾಲ್ಕು ಸಾವಿರ ಉಳಿದರೂ, ದಿನಕ್ಕೆ ಐನೂರು ದೊಡ್ಡ ತಟ್ಟೆ ಒತ್ತುವ ಯಂತ್ರಕ್ಕೆ ಅದು ಎಂಟು ದಿನದ ಕೆಲಸ. ಉಳಿದ ವರ್ಷಪೂರ್ತಿ ನೀವು ಹಾಳೆ ಕೊಳ್ಳುವವರೇ. ಬೇಸಗೆಯಲ್ಲೇ ಕೊಂಡು, ಒಣಗಿಸಿ, ಮಳೆ ತಾಗದ ಶೆಡ್ಡಿನಲ್ಲಿ ತುಂಬಿಡಬೇಕು. ಯಂತ್ರ ಮಾರುವವರು ಶೆಡ್ಡಿನ ಖರ್ಚನ್ನೂ ಆ ದಾಸ್ತಾನಿಗೆ ಬೇಕಾದ ಬಂಡವಾಳವನ್ನೂ ಹೇಳುವುದೇ ಇಲ್ಲ. ಅಪ್ಪ ಅಮ್ಮನ ದುಡಿಮೆಗೂ ಕೂಲಿ ಬರೆಯಿರಿ. ಮನೆಯವರ ಬೆವರನ್ನು ಲಾಭ ಎಂದು ಬರೆದ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ವಿದೇಶಕ್ಕೆ ಕಳಿಸುವ ಕನಸಿದ್ದರೆ ಇದನ್ನೂ ತಿಳಿದಿರಿ: ಅಡಿಕೆ ಹಾಳೆಯ ತಟ್ಟೆಯಿಂದ ಅದರ ನೈಸರ್ಗಿಕ ವಿಷಾಂಶ ಆಹಾರಕ್ಕೆ ಸೇರಬಹುದೆಂದು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರಲ್ಲಿ ಎಚ್ಚರಿಸಿದೆ. ಆ ಮಾರುಕಟ್ಟೆಯನ್ನು ನಂಬಿ ಸಾಲ ಮಾಡಬೇಡಿ.

ತೋಟವನ್ನಂತೂ ಈಡು ಕೊಡಲೇಬೇಡಿ. 10 ಲಕ್ಷದೊಳಗಿನ ಸಣ್ಣ ಉದ್ಯಮದ ಸಾಲಕ್ಕೆ ಬ್ಯಾಂಕು ಈಡು ಕೇಳಕೂಡದು. ಅದು ರಿಸರ್ವ್ ಬ್ಯಾಂಕಿನ ನಿಯಮ. ಕೇಳಿದವರಿಂದ ಆ ಮಾತನ್ನು ಬರಹದಲ್ಲಿ ಪಡೆಯಿರಿ. ಉದ್ಯಮ ಬಿದ್ದರೆ ನಿಮಗೆ ಇನ್ನೊಂದು ಕೆಲಸ ಸಿಗಬಹುದು, ಅಪ್ಪನಿಗೆ ಇನ್ನೊಂದು ತೋಟ ಸಿಗುವುದಿಲ್ಲ. ಹತ್ತು ಸಾವಿರ ಕೇಳಿದವರನ್ನು ಅಂಗಳ ಹತ್ತಿಸಬೇಡಿ. ಸ್ವಂತ ಉದ್ಯಮಕ್ಕೆ ಸಬ್ಸಿಡಿ ಕೊಡುವ ಕೇಂದ್ರ ಸರ್ಕಾರದ ಪಿಎಂಇಜಿಪಿ ಯೋಜನೆಯ ಅರ್ಜಿಗೆ ಶುಲ್ಕವಿಲ್ಲ, ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಯಾದ ‘ಉದ್ಯಮ್’ಗೂ ಇಲ್ಲ. ವಿದ್ಯಾನಗರದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ನೀವೇ ಹೋಗಿ ಕೇಳಿ. ಹಳ್ಳಿಯಲ್ಲಿ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ 25 ಶೇಕಡಾ ಸಬ್ಸಿಡಿ ಇದೆ. ಆದರೆ ಆ ಹಣ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ, ಮೊದಲ ವರ್ಷದ ಖರ್ಚಿಗೆ ಒದಗದು.

ಈ ಎಂಟು ತಿಂಗಳಲ್ಲಿ ರಜೆ ಸಿಕ್ಕಾಗಲೆಲ್ಲ ಬಂದು ಮಂಗಳೂರಿನ ಕೇಟರಿಂಗ್‌ನವರನ್ನು ಕಾಣಿರಿ. ಎಷ್ಟು ತಟ್ಟೆ, ಯಾವ ದರ, ದುಡ್ಡು ಎಷ್ಟು ದಿನಕ್ಕೆ ಎಂದು ಕೇಳಿ. ಇಬ್ಬರಾದರೂ ಮುಂಗಡ ಕೊಟ್ಟರೆ ನನಗೆ ಮತ್ತೆ ಬರೆಯಿರಿ.

ಪ್ರಶ್ನೆ: ಕೆಲಸದಲ್ಲಿದ್ದುಕೊಂಡೇ ಹೆಂಡತಿಯ ಹೆಸರಲ್ಲಿ ವ್ಯಾಪಾರ ಮಾಡಿದರೆ ತೆರಿಗೆ ಉಳಿಯುತ್ತದಂತೆ, ನಿಜವೇ?

ಉತ್ತರ: ಸುಳ್ಳು. ನೀವು ಕೊಟ್ಟ ದುಡ್ಡಿನ ಪಾಲಿಗೆ ಬಂದ ಲಾಭ ನಿಮ್ಮ ಆದಾಯಕ್ಕೇ ಸೇರುತ್ತದೆ.

ಪ್ರಶ್ನೆ: ಕೆಲಸ ಬಿಟ್ಟು ಹೊಸಂಗಡಿಯಲ್ಲಿ ಸಿಸಿಟಿವಿ ಅಂಗಡಿ ಹಾಕಿದ್ದೇನೆ. ಗಿರಾಕಿಗಳು ಹೆಚ್ಚಾಗಿ ಮಂಗಳೂರಿನವರು. ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ಬೇಡವೆಂದು ಸ್ನೇಹಿತರು ಹೇಳುತ್ತಾರೆ.

ಉತ್ತರ: ಆ ಸ್ನೇಹಿತರು ದಂಡ ಕಟ್ಟುವುದಿಲ್ಲ. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಒಂದೇ ಕ್ಯಾಮೆರಾ ಮಾರಿದರೂ ಅದು ಅಂತರರಾಜ್ಯ ಮಾರಾಟ, 40 ಲಕ್ಷದ ಮಿತಿ ನಿಮಗೆ ಅನ್ವಯಿಸದು. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯೂ ಆಗದು. ಈ ವಾರವೇ ನೋಂದಣಿ ಮಾಡಿಸಿ, 50,000 ಮೀರಿದ ಸರಕಿಗೆ ಸಾಗಣೆಯ ಪತ್ರವಾದ ಇ-ವೇ ಬಿಲ್ಲಿಲ್ಲದೆ ಗಾಡಿ ಹೊರಡಿಸಬೇಡಿ.