ಚುನಾವಣೆಗೆ ನಿಲ್ಲದೆ ರಾಜಕೀಯದಲ್ಲಿ ವೃತ್ತಿ

ಪ್ರಶ್ನೆ: ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿರುವ 23 ವರ್ಷದ ಯುವತಿ. ಚುನಾವಣೆಗೆ ನಿಲ್ಲುವಷ್ಟು ಹಣಬಲ ನಮಗಿಲ್ಲ. ರಾಜಕೀಯ ಕ್ಷೇತ್ರದಲ್ಲೇ ಒಳ್ಳೆಯ ಸಂಬಳದ ಕೆಲಸ ಪಡೆಯುವುದು ಹೇಗೆ?
— ಓದುಗರೊಬ್ಬರು, ಹಾವೇರಿ

ಉತ್ತರ: ಸಂಸದರ ಮೂಲ ವೇತನ 2023ರ ಏಪ್ರಿಲ್‌ನಿಂದ ಅನ್ವಯವಾಗುವಂತೆ ತಿಂಗಳಿಗೆ 1.24 ಲಕ್ಷ ರೂಪಾಯಿ ಆಗಿದೆ. ಆದರೆ ನಮ್ಮಂಥ ದೊಡ್ಡ ರಾಜ್ಯಗಳಲ್ಲಿ ಲೋಕಸಭಾ ಅಭ್ಯರ್ಥಿಯ ವೆಚ್ಚಕ್ಕೆ 2022ರಲ್ಲಿ ನಿಗದಿಯಾದ ಮಿತಿಯೇ 95 ಲಕ್ಷ ರೂಪಾಯಿ. ಆದ್ದರಿಂದ ಸಂಬಳವನ್ನು ನೆಚ್ಚಿ ಸ್ಪರ್ಧೆಗಿಳಿಯುವುದು ವಿವೇಕವಲ್ಲ; ಬೇರೆ ದಾರಿ ಹುಡುಕುತ್ತಿರುವ ನಿಮ್ಮ ಯೋಚನೆ ಸರಿಯಾಗಿದೆ.

ನಿಮ್ಮ ವಯಸ್ಸಿಗೆ ಅತ್ಯುತ್ತಮ ಪ್ರವೇಶದ್ವಾರವೆಂದು ನಾನು ಭಾವಿಸುವುದು ದೆಹಲಿಯ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆಯ ಲ್ಯಾಂಪ್ ಫೆಲೋಶಿಪ್, ಅಂದರೆ ಸಂಸದರಿಗೆ ಶಾಸನ ಸಂಬಂಧಿ ಕೆಲಸದಲ್ಲಿ ನೆರವಾಗುವ ಸಹಾಯಕರ ಕಾರ್ಯಕ್ರಮ. 25 ವರ್ಷ ಮೀರದ ಪದವೀಧರರು ಇದಕ್ಕೆ ಅರ್ಜಿ ಹಾಕಬಹುದು. ಆಯ್ಕೆಯಾದವರು ಮುಂಗಾರು ಅಧಿವೇಶನದಿಂದ ಬಜೆಟ್ ಅಧಿವೇಶನದವರೆಗೆ ಒಬ್ಬ ಸಂಸದರ ಜೊತೆಗಿದ್ದು, ಸದನದಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ರೂಪಿಸುವುದು, ಮಸೂದೆಗಳ ಕುರಿತು ಟಿಪ್ಪಣಿ ಬರೆಯುವುದು, ಭಾಷಣಕ್ಕೆ ಅಂಕಿ ಅಂಶ ಒದಗಿಸುವುದು ಮುಂತಾದ ಕೆಲಸಗಳನ್ನು ಕಲಿಯುತ್ತಾರೆ. ಆ ಅವಧಿಯ ಗೌರವಧನ ಸಾಧಾರಣವೇ. ನಿಜವಾದ ಗಳಿಕೆ ಆರಂಭವಾಗುವುದು ಅನಂತರ, ನೀತಿ ಸಲಹಾ ಸಂಸ್ಥೆಗಳಲ್ಲಿ ಅಥವಾ ದೊಡ್ಡ ಕಂಪನಿಗಳ ಸಾರ್ವಜನಿಕ ನೀತಿ ವಿಭಾಗಗಳಲ್ಲಿ.

ಚುನಾವಣಾ ಪ್ರಚಾರ ನಿರ್ವಹಿಸುವ ಸಂಸ್ಥೆಗಳೂ ಚೆನ್ನಾಗಿಯೇ ಸಂಬಳ ಕೊಡಬಹುದು. ಆದರೆ ಮತದಾನ ಮುಗಿದೊಡನೆ ಅಲ್ಲಿನ ಕೆಲಸವೂ ಮುಗಿಯಬಹುದಾದ್ದರಿಂದ, ಅವಧಿ ಮತ್ತು ವೇತನವನ್ನು ಬರಹದಲ್ಲಿ ಪಡೆಯದೆ ದಯವಿಟ್ಟು ಸೇರಬೇಡಿ. ಭದ್ರತೆಯೇ ಮುಖ್ಯವೆನಿಸಿದರೆ ಲೋಕಸಭೆ, ರಾಜ್ಯಸಭೆ ಹಾಗೂ ನಮ್ಮ ವಿಧಾನಮಂಡಲದ ಸಚಿವಾಲಯಗಳ ನೇಮಕಾತಿ ಪ್ರಕಟಣೆಗಳನ್ನು ಗಮನಿಸುತ್ತಿರಿ.

ಈಗಲೇ ನೀರಾವರಿಯಂಥ ಒಂದೇ ವಿಷಯವನ್ನು ಆರಿಸಿಕೊಂಡು, ಅದರ ಬಗ್ಗೆ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಎರಡು ಪುಟದ ಟಿಪ್ಪಣಿಗಳನ್ನು ಬರೆದು ಅರ್ಜಿಗಾಗಿ ಸಿದ್ಧವಾಗಿಟ್ಟುಕೊಳ್ಳಿ.